ಗಂಧರ್ವರು ಎಷ್ಟು ಮಂದಿ?



ಪುಣೆಯಲ್ಲಿ ಬಾಲಗಂಧರ್ವ ರಂಗಮಂದಿರವಿದೆ. ಹುಬ್ಬಳ್ಳಿಯಲ್ಲಿ ಸವಾಯಿ ಗಂಧರ್ವ ಸಭಾಂಗಣ, ಬೆಳಗಾವಿಯಲ್ಲಿ ಕುಮಾರ ಗಂಧರ್ವ ರಂಗಮಂದಿರ. ಈ ಮೂವರೂ ಒಂದೇ ಮನೆತನದವರು ಎಂದುಕೊಂಡವರನ್ನು ನಾನು ಕಂಡಿದ್ದೇನೆ. ಮೂವರೂ ಒಬ್ಬರೇ ಎಂದುಕೊಂಡವರೂ ಇದ್ದಾರೆ! ತಪ್ಪು ಅವರದಲ್ಲ. ಗಂಧರ್ವ ಎಂಬುದು ಮನೆತನದ ಹೆಸರಲ್ಲ, ಬಿರುದು. ಆ ಬಿರುದು ಮೂವರ ನಿಜನಾಮವನ್ನೂ ನುಂಗಿಹಾಕಿತು.

ಮೊದಲು ಬಿರುದು ಬಂದದ್ದು ನಾರಾಯಣ ಶ್ರೀಪಾದ ರಾಜಹಂಸ ಎಂಬ ಹುಡುಗನಿಗೆ. ಅವರು ಹುಟ್ಟಿದ್ದು 1888ರಲ್ಲಿ. ಹುಡುಗನ ಹಾಡು ಕೇಳಿ ಲೋಕಮಾನ್ಯ ತಿಲಕರು ‘ಬಾಲಗಂಧರ್ವ’ ಎಂದರೆಂದು ಪ್ರತೀತಿ. ಮುಂದೆ ಅವರು ಮರಾಠಿ ಸಂಗೀತ ನಾಟಕಗಳ ಸ್ತ್ರೀಪಾತ್ರಗಳಿಗೆ ಮನೆಮಾತಾದರು. 1913ರಲ್ಲಿ ಗಂಧರ್ವ ನಾಟಕ ಮಂಡಳಿ ಕಟ್ಟಿದರು. ಕೂದಲು ನರೆತರೂ ಅವರು ‘ಬಾಲ’ಗಂಧರ್ವರೇ.

ಇನ್ನು ನಮ್ಮ ಕುಂದಗೋಳದ ರಾಮಚಂದ್ರರಾಯರು, ಅಂದರೆ ರಾಮಭಾವು ಕುಂದಗೋಳಕರ. ಅಬ್ದುಲ್ ಕರೀಂ ಖಾನರ ಶಿಷ್ಯರು. ಅವರೂ ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಮಾಡಿ ಹೆಸರಾದವರೇ. ಹೋಲಿಕೆ ಬಂದದ್ದು ಅಲ್ಲೇ. ‘ಸೇರಿಗೆ ಸವ್ವಾಸೇರು’ ಎನ್ನುತ್ತೇವಲ್ಲ, ಆ ‘ಸವ್ವಾ’ವೇ ಈ ‘ಸವಾಯಿ’: ಒಂದೂಕಾಲು. ಬಾಲಗಂಧರ್ವರಿಗಿಂತ ಕಾಲು ಪಾಲು ಹೆಚ್ಚು ಎಂಬ ಮೆಚ್ಚುಗೆ. ಆದರೆ ಸ್ವಲ್ಪ ಯೋಚಿಸಿ. ರಾಮಭಾವು ಹುಟ್ಟಿದ್ದು 1886ರಲ್ಲಿ, ವಯಸ್ಸಿನಲ್ಲಿ ಅವರೇ ಎರಡು ವರ್ಷ ಹಿರಿಯರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಫಿರೋಜ್ ದಸ್ತೂರ್ ಅಂಥ ಶಿಷ್ಯರನ್ನು ತಯಾರು ಮಾಡಿದ ಗುರುವನ್ನು ಇನ್ನೊಬ್ಬರ ಅಳತೆಗೋಲಿನಿಂದಲೇ ಇಂದಿಗೂ ಕರೆಯುತ್ತಿದ್ದೇವೆ. ನನಗಂತೂ ಇದು ಹೊಗಳಿಕೆಯಷ್ಟೇ ಅನ್ಯಾಯವಾಗಿಯೂ ಕಾಣುತ್ತದೆ. 1952ರಲ್ಲಿ ಅವರು ತೀರಿಕೊಂಡ ಮರುವರ್ಷವೇ ಭೀಮಸೇನರು ಪುಣೆಯಲ್ಲಿ ಗುರುವಿನ ಸ್ಮರಣೆಯ ಉತ್ಸವ ಆರಂಭಿಸಿದರು. ಅದು ಬೆಳೆದು ದೇಶಕ್ಕೇ ಹೆಸರಾಯಿತು. ಈಗ ಅದಕ್ಕೆ ಗುರುಶಿಷ್ಯರಿಬ್ಬರ ಹೆಸರೂ ಇದೆ.

ಮೂರನೆಯವರು ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ದರಾಮಯ್ಯ ಕೋಮಕಲಿ. ದೊಡ್ಡ ದೊಡ್ಡ ಗವಾಯಿಗಳ ಗ್ರಾಮಫೋನ್ ಪ್ಲೇಟುಗಳನ್ನು ಕೇಳಿ ಹಾಗೆಯೇ ಹಾಡಿ ತೋರಿಸುತ್ತಿದ್ದ ಪೋರನಿಗೆ ಮಠದ ಸ್ವಾಮಿಗಳೊಬ್ಬರು ‘ಕುಮಾರ ಗಂಧರ್ವ’ ಎಂದು ಹೆಸರಿಟ್ಟರು. ಅನುಕರಣೆಯಿಂದ ಬಿರುದು ಪಡೆದ ಅದೇ ಹುಡುಗ ಮುಂದೆ ಯಾವ ಘರಾಣೆಯ ಬೇಲಿಯೊಳಗೂ ನಿಲ್ಲಲಿಲ್ಲ. ಕ್ಷಯರೋಗದಿಂದ ದೇವಾಸದಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದರು. ಎದ್ದ ಮೇಲೆ ಮಾಳವದ ಜನಪದ ಹಾಡು, ಕಬೀರ, ಹೊಸ ರಾಗ ಎಂದು ತಮ್ಮದೇ ದಾರಿ ಹಿಡಿದರು. ಬಾಲಗಂಧರ್ವರ ಗಾಯನವನ್ನು ತಾವು ಅರ್ಥಮಾಡಿಕೊಂಡ ಬಗೆಯಲ್ಲಿ ಹಾಡಿ, ಅದಕ್ಕೇ ಒಂದು ಕಾರ್ಯಕ್ರಮ ರೂಪಿಸಿದರು. ಒಬ್ಬ ಗಂಧರ್ವರು ಇನ್ನೊಬ್ಬರಿಗೆ ಸಲ್ಲಿಸಿದ ಗೌರವ ಅದು.

ಸಾಲು ಇಲ್ಲಿಗೇ ಮುಗಿಯದು. ಸೌದಾಗರ ಗೋರೆ ‘ಛೋಟಾ ಗಂಧರ್ವ’ರಾದರು. 2011ರಲ್ಲಿ ‘ಬಾಲಗಂಧರ್ವ’ ಎಂಬ ಮರಾಠಿ ಚಿತ್ರವೇ ಬಂತು. ಅದರಲ್ಲಿ ಹಾಡಿ ರಾಷ್ಟ್ರಪ್ರಶಸ್ತಿ ಪಡೆದ ಆನಂದ ಭಾಟೆ ಭೀಮಸೇನರ ಶಿಷ್ಯರು. ಬಾಲ್ಯದಲ್ಲಿ ಅವರಿಗೂ ಜನ ‘ಆನಂದ ಗಂಧರ್ವ’ ಎನ್ನುತ್ತಿದ್ದರಂತೆ!

ಶಿವಪುತ್ರ ಎಂಬ ಹೆಸರು ಮಾತ್ರ ಪೂರ್ತಿ ಅಳಿಯಲಿಲ್ಲ. ಕುಮಾರರ ಮಗ, ಗಾಯಕ ಮುಕುಲ್ ಅವರು ಗಂಧರ್ವ ಎಂದು ಬರೆದುಕೊಳ್ಳಲಿಲ್ಲ. ಮುಕುಲ್ ಶಿವಪುತ್ರ ಎಂದೇ ಹೆಸರಾದರು. ಮಗಳು ಕಲಾಪಿನಿಯವರು ಕೋಮಕಲಿ ಎಂಬ ಅಡ್ಡಹೆಸರನ್ನೇ ಉಳಿಸಿಕೊಂಡಿದ್ದಾರೆ.