ಒಂದು ಪೆಟ್ಟಿಗೆ ಒಂದೇ ಸದ್ದು

ನಮ್ಮ ಪಣಕಹಳ್ಳಿ ಕಡೆ ತಮಟೆಯನ್ನು ಮೊದಲು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಥಂಡಿಗೆ ಸಡಿಲಾದ ಚರ್ಮ ಬಿಗಿಯಾಗಬೇಕಲ್ಲ. ವಿದ್ಯುತ್ ವಾದ್ಯಕ್ಕೆ ಆ ಕಷ್ಟವಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ರಾತ್ರಿ ನೆರೆಮನೆಯವರ ನಿದ್ದೆಯೂ ಕೆಡದು. ಆದರೆ ಅಂಗಡಿಯಲ್ಲಿ ಬೆಲೆ ಕೇಳಿದರೆ ತಾಳ ತಪ್ಪುತ್ತದೆ! ಮನೆಯಲ್ಲೇ ಮಾಡಿಕೊಳ್ಳಬಹುದು.

ಮುಖ್ಯವಾಗಿ ಬೇಕಾದದ್ದು ಪೀಜೋ ಬಿಲ್ಲೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ; ನೋಡಲು ನಾಣ್ಯದಂತಿರುತ್ತದೆ. ಅದುಮಿದರೆ ವಿದ್ಯುತ್ ಹುಟ್ಟಿಸುವ ಹರಳುಗಳ ಈ ಗುಣವನ್ನು ಕ್ಯೂರಿ ಸಹೋದರರು 1880ರಲ್ಲೇ ಕಂಡಿದ್ದರು. ಬಿಲ್ಲೆಯನ್ನು ರಬ್ಬರ್ ಹಾಳೆಯ ಅಡಿಗೆ ಅಂಟಿಸಿ, ಒಂದು ತಂತಿಯನ್ನು ಆರ್ಡುಯಿನೋ ಲಿಯೊನಾರ್ಡೊ ಬೋರ್ಡಿನ ಅನಲಾಗ್ ಪಿನ್ನಿಗೂ ಇನ್ನೊಂದನ್ನು ಗ್ರೌಂಡಿಗೂ ಕೊಡಿ. ಆ ಎರಡರ ನಡುವೆ 1 ಮೆಗಾಓಮ್ ರೆಸಿಸ್ಟರ್ ಮತ್ತು 5.1 ವೋಲ್ಟಿನ ಜೀನರ್ ಡಯೋಡ್ ಇರಲೇಬೇಕು. ಡಯೋಡಿನ ಪಟ್ಟಿಯಿರುವ ತುದಿ ಪಿನ್ನಿನ ಕಡೆಗೆ. ಜೋರು ಪೆಟ್ಟಿಗೆ ಬಿಲ್ಲೆ 5 ವೋಲ್ಟನ್ನು ಎಷ್ಟೋ ಮೀರುತ್ತದೆ. ಬೋರ್ಡು ಸುಟ್ಟರೆ ಹುಡುಗರ ಉತ್ಸಾಹವೂ ಅಲ್ಲಿಗೇ ಮುಗಿಯಿತು.

ಬೋರ್ಡು ಪೆಟ್ಟಿನ ಬಿರುಸನ್ನು 0ಯಿಂದ 1023ರವರೆಗೆ ಅಳೆದು, 1983ರಿಂದ ಬಳಕೆಯಲ್ಲಿರುವ ಮಿಡಿ ಸಂಕೇತದಲ್ಲಿ ಕಂಪ್ಯೂಟರಿಗೆ ತಿಳಿಸುತ್ತದೆ. ಸದ್ದು ಹೊರಡುವುದು ಅಲ್ಲಿಂದ.

ಹೊಸಬರು ಎಡವುವುದು ಮುಂದೆ. ಹೊಡೆದ ಮೇಲೂ ರಬ್ಬರು ಕಂಪಿಸುತ್ತಿರುತ್ತದೆ. ಒಂದೇ ವೋಚರು ಲೆಡ್ಜರಿಗೆ ಎರಡು ಸಲ ಏರಿದ ಹಾಗೆ, ಒಂದು ಪೆಟ್ಟು ಎರಡಾಗಿ ಕೇಳುತ್ತದೆ. ಬ್ಯಾಂಕಿನಲ್ಲಿ ದುಡಿದವನಿಗೆ ಇದನ್ನು ಸಹಿಸುವುದು ಕಷ್ಟ! ಪ್ರೋಗ್ರಾಮಿನಲ್ಲಿ ಒಂದು ಕನಿಷ್ಠ ಅಂಕ ಬರೆಯಿರಿ. ಅದಕ್ಕಿಂತ ಕಡಿಮೆ ಬಂದದ್ದು ಲೆಕ್ಕಕ್ಕಿಲ್ಲ. ಪೆಟ್ಟು ಕಂಡ ಮೇಲೆ ಬೋರ್ಡು ಸುಮಾರು 30 ಮಿಲಿಸೆಕೆಂಡು ಕಿವಿ ಮುಚ್ಚಿಕೊಂಡಿರಲಿ. ತೀರ ಹೆಚ್ಚಿಸಿದರೆ ಚುರುಕು ಕೈಯ ನಿಜವಾದ ಎರಡನೇ ಪೆಟ್ಟೂ ನುಂಗಿಹೋಗುತ್ತದೆ. ಬಾರಿಸಿ ನೋಡುತ್ತ ಸ್ವಲ್ಪಸ್ವಲ್ಪವೇ ಬದಲಿಸಿ. ಮೊದಲ ಬಿಲ್ಲೆ ಹದಕ್ಕೆ ಬರುವವರೆಗೆ ಎರಡನೆಯದನ್ನು ಜೋಡಿಸಬೇಡಿ.