ಫೋನಿನೊಳಗಿನ ಸಂಘಕ್ಕೂ ಠರಾವು ಬೇಕು
(ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ವಾರದ ಸಭೆಗೆ ಜಮಖಾನೆ ಹಾಸಿ ಕೂತಾಗ ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಎನ್ನುವುದು ಕಣ್ಣಿಗೆ ಕಾಣುತ್ತದೆ. ಬಾಗಿಲಲ್ಲಿ ಯಾರಾದರೂ ಗಂಡಸರು ಬಂದು ನಿಂತರೆ ಮಾತು ಬದಲಿಸುತ್ತೇವೆ. ಈಗ ಎಷ್ಟೋ ಸಂಘಗಳಿಗೆ ವಾಟ್ಸ್ಆ್ಯಪ್ ಗುಂಪೂ ಇದೆ. ಕಂತಿನ ದಿನ, ಬ್ಯಾಂಕಿನ ಸುದ್ದಿ ತಿಳಿಸಲು ಒಳ್ಳೆಯದೇ. ಆದರೆ ಅಲ್ಲಿ ಬಾಗಿಲಲ್ಲಿ ನಿಂತವರು ಕಾಣುವುದಿಲ್ಲ. ಕೆಲವು ಮನೆಗಳಲ್ಲಿ ಫೋನು ಒಂದೇ; ಅದು ಗಂಡನ ಜೇಬಿನಲ್ಲಿರುತ್ತದೆ.

ಒಬ್ಬಾಕೆ ರಾತ್ರಿ, "ಇವತ್ತೂ ಹೊಡೆದರು, ತವರಿನಿಂದ ಇನ್ನೂ ದುಡ್ಡು ತಾ ಅಂತಾರೆ" ಎಂದು ಬರೆದಳು ಅಂತಿಟ್ಟುಕೊಳ್ಳಿ. ಬರುವ ಉತ್ತರಗಳು ನಿಮಗೂ ಗೊತ್ತು. "ನೀನೂ ಸ್ವಲ್ಪ ಬಾಯಿ ಬಿಗಿಹಿಡಿ." "ಎಲ್ಲರ ಮನೆ ದೋಸೆಯೂ ತೂತೇ." ಇನ್ನೊಬ್ಬರು ಕೈಮುಗಿಯುವ ಚಿತ್ರ ಹಾಕುತ್ತಾರೆ, ಅದರ ಹಿಂದೆಯೇ ಶುಭರಾತ್ರಿಯ ಗುಲಾಬಿ! ಬೆಳಗಾಗುವುದರೊಳಗೆ ಮಾತು ಅತ್ತೆಯ ಕಿವಿ ಮುಟ್ಟಿರುತ್ತದೆ. ಆಕೆ ಮತ್ತೆ ಬರೆಯುವುದಿಲ್ಲ.

ಸಾಲಕ್ಕೆ ನಾವು ನಿಯಮ ಮಾಡಿಲ್ಲವೇ? ಕಂತು ತಪ್ಪಿದರೆ ದಂಡ ಎಷ್ಟು ಎಂದು ಠರಾವು ಪುಸ್ತಕದಲ್ಲಿ ಬರೆದಿದ್ದೇವೆ. ಮಾತಿಗೂ ಠರಾವು ಆಗಬೇಕು, ಅದೂ ಏನಾದರೂ ಆಗುವ ಮೊದಲೇ. ಆದ ಮೇಲೆ ಮಾಡಿದರೆ ಒಬ್ಬಳತ್ತ ಬೊಟ್ಟು ಮಾಡಿದಂತಾಗುತ್ತದೆ. ಬುದ್ಧಿ ಹೇಳುವುದು, ಬೇರೆಡೆಗೆ ಕಳಿಸುವುದು ಕೂಡದು ಎಂದು ಬರೆಯಿರಿ. ಮನೆಯ ಹಿಂಸೆಯ ಮಾತು ಗುಂಪಿನಲ್ಲಿ ಬೆಳೆಯದೆ, ಮುಖಾಮುಖಿ ಕೂತು ಆಡುವ ಮಾತಾಗಲಿ.

ಅಂಥ ಸಂದೇಶವನ್ನು ಅಡ್ಮಿನ್ ಆದವರು ಎಲ್ಲರಿಗೂ ಕಾಣದಂತೆ ಅಳಿಸಬಹುದು. ಅಳಿಸುವ ಮೊದಲು ಆಕೆಯ ಮಾತನ್ನು, ದಿನ ಮತ್ತು ಹೊತ್ತಿನ ಸಮೇತ ಬರೆದಿಟ್ಟುಕೊಳ್ಳಿ. ಮುಂದೆ ದೂರಿಗೆ ಬೇಕಾದೀತು. ಅಳಿಸಿ ಸುಮ್ಮನಾದರೆ ಮಾತ್ರ ನಾವೂ ಆಕೆಯ ಬಾಯಿ ಮುಚ್ಚಿಸಿದಂತೆಯೇ. ಆ ಹೊತ್ತಿನಲ್ಲೇ ಜೀವಕ್ಕೆ ಅಪಾಯ ಕಂಡರೆ 112ಕ್ಕೆ ಫೋನು ಮಾಡಿ. ಇಲ್ಲವಾದರೆ ಬೆಳಿಗ್ಗೆ ಇಬ್ಬರು ಹೋಗಿ. "ಕಂತಿನ ಲೆಕ್ಕ ಕೇಳಲು ಬಂದೆವು" ಎಂದರೆ ಯಾವ ಅತ್ತೆಗೂ ಅನುಮಾನ ಬರುವುದಿಲ್ಲ. ಏನು ಮಾಡಬೇಕೆಂದು ಆಕೆಯನ್ನೇ ಕೇಳಿ. ಮಹಿಳಾ ಸಹಾಯವಾಣಿ 181 ಇದೆ.

2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ನಮಗೆ ಬೇಕಾದ ಒಂದು ಮಾತಿದೆ. ಹಿಂಸೆ ನಡೆದಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರು ಅದಕ್ಕಾಗಿ ಹೊಣೆಗಾರರಾಗುವುದಿಲ್ಲ. "ನಮಗ್ಯಾಕೆ ಕೋರ್ಟು ಕಚೇರಿ" ಎಂದು ಹಿಂಜರಿಯುವವರಿಗೆ ಇದನ್ನು ಓದಿ ಹೇಳಿ. ಅದೇ ಕಾಯ್ದೆಯಲ್ಲಿ ವಿಚಾರಣೆಯನ್ನು ಮುಚ್ಚಿದ ಬಾಗಿಲೊಳಗೆ ನಡೆಸಲೂ ಅವಕಾಶವಿದೆ. ನ್ಯಾಯಾಲಯವೇ ಬಾಗಿಲು ಹಾಕಿ ಕೇಳಬಹುದಾದ ಮಾತನ್ನು ನಾವು ಓಣಿಗೆ ಹಂಚುವುದೇ?

ಇನ್ನೊಂದು ತೊಡಕು. ನಮ್ಮ ಊರುಗಳಲ್ಲಿ ಅಡ್ಮಿನ್ ಆದಾಕೆ ಅವಳ ನಾದಿನಿಯೋ ಓರಗಿತ್ತಿಯೋ ಆಗಿರಬಹುದು. ಅದಕ್ಕೇ ಬೇರೆ ಬೇರೆ ಮನೆತನದ ಇಬ್ಬರು ಅಡ್ಮಿನ್ ಇರಲಿ, ಸಂಬಂಧಿಕರಾದವರು ಆ ವಿಷಯದಿಂದ ದೂರ ಸರಿಯಲಿ. ಮುಂದಿನ ಸಭೆಯಲ್ಲಿ ಆ ಇಬ್ಬರ ಹೆಸರು ಠರಾವು ಪುಸ್ತಕದಲ್ಲಿ ಬರೆದು, ಎಲ್ಲರ ಸಹಿ ಹಾಕಿಸಿ.