ಅಳಿವೆಯಾಚೆಯ ದುಡಿಮೆ

ಶಾಂಭವೀ ನದಿಯು ಕಡಲನ್ನು ಸೇರುವ ಹೆಜಮಾಡಿ ಕೋಡಿಯಲ್ಲಿ ನಿಂತು ನೋಡುವ ಪ್ರವಾಸಿಗೆ ಅಳಿವೆಯು ರಮಣೀಯವಾಗಿಯೇ ತೋರುತ್ತದೆ; ಆದರೆ ಬೂತಾಯಿ ಬಂಗುಡೆ ಮೀನುಗಳನ್ನು ಹೇರಿಕೊಂಡು ಮರಳುವ ದೋಣಿಯವನಿಗೆ, ಹೂಳಿನ ಮೇಲೆ ಅಲೆ ಮುರಿದು ಬೀಳುವ ಆ ಇಕ್ಕಟ್ಟಿನ ದಾರಿಯೇ ನಡುಗಡಲಿಗಿಂತ ಭಯಂಕರವಾದುದು. ದುಡಿಯುವವನ ಪ್ರಾಣರಕ್ಷಣೆಯ ಇತಿಹಾಸವನ್ನು ಇಲ್ಲಿಂದ ಅವಲೋಕಿಸಿದರೆ, ನಮ್ಮ ಕಾನೂನು ಬಹುಕಾಲ ನಾಲ್ಕು ಗೋಡೆಗಳೊಳಗೆ ಮಾತ್ರ ಕಾರ್ಮಿಕನನ್ನು ಕಂಡಿತೆಂಬುದು ವಿಶದವಾಗುತ್ತದೆ.

ಯಂತ್ರಶಕ್ತಿಯಿಂದ ನಡೆಯುವ, ನೂರು ಮಂದಿಗೆ ಕಡಿಮೆಯಿಲ್ಲದ ಕಾರ್ಖಾನೆಗಳಿಗಷ್ಟೇ ಅನ್ವಯಿಸಿದ 1881ರ ಕಾಯಿದೆಯು ಅಪಾಯಕಾರಿ ಯಂತ್ರಗಳಿಗೆ ಆವರಣ ಹಾಕಿಸಿ, ಏಳು ವರ್ಷ ತುಂಬದ ಮಕ್ಕಳನ್ನು ದುಡಿಸಕೂಡದೆಂದು ವಿಧಿಸಿತು; ಏಳು ತುಂಬಿದ ಕೂಸು ದುಡಿಯಬಹುದಿತ್ತೆಂಬುದು ಆ ಕಾಲದ ಕರುಣೆಯ ಅಳತೆ. 1923ರ ಕಾರ್ಮಿಕ ಪರಿಹಾರ ಕಾಯಿದೆ, 1948ರ ಕಾರ್ಖಾನೆಗಳ ಕಾಯಿದೆ ಅನಂತರ ಬಂದುವು. ಆದರೂ ನಮ್ಮ ಕರಾವಳಿಯ ಮನೆಜಗಲಿಗಳಲ್ಲಿ, ಮಡಿಲ ಗೆರಸೆಯಲ್ಲಿ ತಂಬಾಕಿನ ಪುಡಿಯಿಟ್ಟುಕೊಂಡು ಕತ್ತು ಬಗ್ಗಿಸಿ ಬೀಡಿ ಕಟ್ಟಿ, ಅದನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಒಯ್ಯುತ್ತಿದ್ದ ಹೆಂಗಸು ಕಾನೂನಿನ ಕಣ್ಣಿಗೆ ಬಿದ್ದುದು, ಮನೆಯಲ್ಲಿ ದುಡಿಯುವವರನ್ನೂ ಕಾರ್ಮಿಕರೆಂದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಒಪ್ಪಿದ ಮೇಲೆಯೇ.

ಕಡಲಿನವರ ಕಥೆ ಇನ್ನೂ ನಿಧಾನದ್ದು. ಹಿಂದೆ ಕರಾವಳಿಯ ಬೆಸ್ತರಾದ ಮೊಗವೀರರನ್ನು ಕಾಯುತ್ತಿದ್ದುದು ಸಂಪ್ರದಾಯವೇ: ಮಳೆಗಾಲ ಕಾಲಿಟ್ಟೊಡನೆ ದೋಣಿಗಳನ್ನು ದಡಕ್ಕೇರಿಸಿ, ನೂಲ ಹುಣ್ಣಿಮೆಯಂದು ಸಮುದ್ರಕ್ಕೆ ಹಾಲು ತೆಂಗಿನಕಾಯಿಗಳನ್ನು ಅರ್ಪಿಸಿದ ಬಳಿಕವೇ ನೀರಿಗಿಳಿಸುವುದು. ರಂಪಣಿ ಬಲೆಯನ್ನು ದಡದಿಂದಲೇ ಊರು ಕೂಡಿ ಎಳೆಯುತ್ತಿದ್ದುದರಿಂದ ದೂರದ ಕಡಲಿನ ಗಂಡಾಂತರ ವಿರಳವಾಗಿತ್ತು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದು ರಂಪಣಿಯು ಮೂಲೆಗೆ ಬೀಳಲು, ಟ್ರಾಲ್ ಬೋಟುಗಳ ಯಾತ್ರೆಯೂ ದೀರ್ಘವಾಗುತ್ತ ಹೋಗಲು, ಅಪಾಯವು ದಡವನ್ನು ಬಿಟ್ಟು ಬಹುದೂರ ಸರಿಯಿತು. ಜೂನ್ ಒಂದರಿಂದ 61 ದಿನಗಳ ಇಂದಿನ ಮೀನುಗಾರಿಕಾ ನಿಷೇಧವಾದರೋ ಮುಖ್ಯವಾಗಿ ಮೀನಿನ ಸಂತತಿಯನ್ನುದ್ದೇಶಿಸಿದ್ದು. ಮೀನುಗಾರನ ಜೀವರಕ್ಷಣೆ ಅದರ ಬಳಿಬಂದ ಲಾಭ.

ಚಂಡಮಾರುತದ ಮುನ್ಸೂಚನೆಯೂ ಮೊದಲು ಹಡಗಿಗಾಗಿಯೇ ಹುಟ್ಟಿತು. 1864ರಲ್ಲಿ ಕಲ್ಕತ್ತೆಯು ಬಿರುಗಾಳಿಗೆ ತುತ್ತಾದ ಮರುವರ್ಷ ಆ ಬಂದರಿನಲ್ಲಿ ಎಚ್ಚರಿಕೆಯ ವ್ಯವಸ್ಥೆಯೂ, 1875ರಲ್ಲಿ ಹವಾಮಾನ ಇಲಾಖೆಯೂ ಸ್ಥಾಪಿತವಾದುವು. ಬಂದರಿನ ಕಂಬದ ಸಂಕೇತವು ಕೋಡಿಯ ನಾಡದೋಣಿಗೆ ಕಾಣಿಸುವುದೆಂತು? ಎಚ್ಚರಿಕೆಯ ಮಾತನ್ನು ದೋಣಿಯವರೆಗೂ ಮುಟ್ಟಿಸಬಲ್ಲ ಆಕಾಶವಾಣಿಯ ಕೇಂದ್ರವು 1976ರಲ್ಲಿ ಮಂಗಳೂರಿನಲ್ಲಿ ಆದುದು ಈ ದೃಷ್ಟಿಯಿಂದಲೂ ಸ್ಮರಣೀಯ.

ಯಂತ್ರ, ವಯರ್‌ಲೆಸ್, ಜಿಪಿಎಸ್ ಎಲ್ಲವೂ ಬಂದ ಮೇಲೆಯೂ, 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿಯೊಂದಿಗೆ ಕಣ್ಮರೆಯಾಯಿತು. ಮಹಾರಾಷ್ಟ್ರದ ಮಾಲ್ವಣದಾಚೆ ಕಡಲಡಿಯಲ್ಲಿ ಅದರ ಅವಶೇಷವನ್ನು ನೌಕಾಪಡೆ ಪತ್ತೆಹಚ್ಚಿದುದು ಮುಂದಿನ ಮೇ ತಿಂಗಳಿನಲ್ಲಿ. ಬೋಟಿನಲ್ಲಿ ಲೈಫ್ ಜಾಕೆಟ್ ಇಡಬೇಕೆಂಬ ನಿಯಮವೇನೋ ಇದೆ. ಆದರೆ ದಪ್ಪ ಬೆಂಡಿನ ಆ ಅಂಗಿಯನ್ನು ತೊಟ್ಟು ಬಲೆಯೆಳೆಯಲು ಹೋದವನ ಪಟ್ಟಿ ಬಲೆಯ ಕಣ್ಣಿಗೆ ಸಿಕ್ಕಿಕೊಳ್ಳುತ್ತದೆ, ಸೆಖೆಗೆ ಮೈ ಬೇಯುತ್ತದೆ. ಆದಕಾರಣ ಅದು ಹೆಚ್ಚಾಗಿ ಕ್ಯಾಬಿನ್ನಿನ ಮೂಲೆಯಲ್ಲೇ ಉಳಿಯುತ್ತದೆ. ಇದನ್ನು ಬೆಸ್ತರ ಉದಾಸೀನವೆಂದು ಜರೆಯುವವರೊಡನೆ ನನಗೆ ಸಹಮತವಿಲ್ಲ.

ಇದಕ್ಕಿಂತಲೂ ಜಟಿಲವಾದುದು ಪಾಲಿನ ಪದ್ಧತಿ. ಬೋಟಿನವರಿಗೆ ಸಂಬಳಕ್ಕೆ ಬದಲಾಗಿ ಮೀನಿನ ಹುಟ್ಟುವಳಿಯಲ್ಲಿ ಪಾಲು ದೊರೆಯುವಾಗ, ಬೋಟಿನಲ್ಲಿ ದುಡಿಯುವ ಕಲಾಸಿಯು ಮಾಲಿಕನ ನೌಕರನೋ ಭಾಗೀದಾರನೋ ಎಂಬ ತೊಡಕೇಳುತ್ತದೆ; ಅಪಘಾತದ ಬಳಿಕ ಪರಿಹಾರ ಕೇಳುವ ಮನೆಯವರನ್ನು ಕಾಡುವುದೂ ಇದೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2007ರಲ್ಲಿ ಅಂಗೀಕರಿಸಿದ, 2017ರ ನವೆಂಬರಿನಲ್ಲಿ ಜಾರಿಗೆ ಬಂದ 188ನೆಯ ಒಡಂಬಡಿಕೆಯು, ಪಾಲು ಪಡೆದು ದುಡಿಯುವವನನ್ನೂ ಮೀನುಗಾರನೆಂದೇ ಪರಿಗಣಿಸಿ, ವಿಶ್ರಾಂತಿ, ವೈದ್ಯಕೀಯ ತಪಾಸಣೆ, ಅಪಘಾತದ ರಕ್ಷಣೆ ಇವೆಲ್ಲಕ್ಕೂ ಅವನನ್ನು ಅರ್ಹನನ್ನಾಗಿಸಿದೆ. ಅದನ್ನು ಅನುಮೋದಿಸಿದ ರಾಷ್ಟ್ರಗಳ ಸಾಲಿಗೆ ಭಾರತವು ಇನ್ನೂ ಸೇರಿಲ್ಲ.